ಹೊಲಿದವರ ಹೆಸರು

ಕೊಂಡ್ಲಹಳ್ಳಿ
7 ಜುಲೈ 2024

ಮಗಳು ಹರ್ಷಿತಾಗೆ,

ನಿಮ್ಮಪ್ಪ ದುರುಗೇಶ ಬರೆಯೋದು. ನಾನು ಕಾಗದ ಬರೆದು ಇಪ್ಪತ್ತು ವರ್ಷ ಆಗಿರಬೇಕು, ಅಕ್ಷರ ಸೊಟ್ಟ ಆದ್ರೆ ನಗಬೇಡ. ವಾರ್ಡನ್ ಮೇಡಂ ಫೋನಲ್ಲಿ ಎರಡೇ ನಿಮಿಷ ಕೊಡ್ತಾರೆ. ಒಂದು ನಿಮಿಷ ‘ಉಂಡ್ಯಾ, ಉಂಡೆ’ ಅನ್ನೋದ್ರಲ್ಲೇ ಹೋಗ್ತೈತೆ. ಇನ್ನೊಂದು ನಿಮಿಷ ನಿನ್ನ ಹಿಂದೆ ಸಾಲು ನಿಂತ ಹುಡುಗೀರ ಗದ್ದಲ. ಅದಕ್ಕೆ ಕಾಗದವೇ ವಾಸಿ ಅನ್ನಿಸ್ತು.

ಸೊಂಟದ ನೋವು ಇಳಿದೈತೆ. ಕೋಲು ಹಿಡಿದು ಬಸ್ ಸ್ಟ್ಯಾಂಡ್ ತಂಕ ನಡೀತೀನಿ. ಆದ್ರೆ ಮಿಲ್ಲಲ್ಲಿ ಶೇಂಗಾ ಚೀಲ ಹೊರೋದು ಇನ್ನು ಈ ಜನ್ಮದಾಗೆ ಆಗಲ್ಲ ಅಂತ ಡಾಕ್ಟ್ರು ಹೇಳಿಬಿಟ್ರು. ಚಳ್ಳಕೇರೀಲಿ ಹಮಾಲಿ ಮಾಡ್ಕೊಂಡು ಇದ್ದಾಗ ಪ್ರತಿ ಭಾನುವಾರ ನಿಮ್ಮ ಹಾಸ್ಟೆಲ್ ಗೇಟಿಗೆ ಬರ್ತಿದ್ದೆ. ಈಗ ಊರಿಂದ ಎರಡು ಬಸ್ ಹತ್ತಿ ಇಳೀಬೇಕು. ತಿಂಗಳಿಗೊಂದು ಸಲ, ಎರಡನೇ ಭಾನುವಾರ ಬರ್ತೀನಿ.

ಒಂದು ಸುದ್ದಿ ಐತೆ. ನಾನು ಹೊಲಿಗೆ ಶುರು ಮಾಡೀನಿ.

ಮನೇಲಿ ಕೂತು ಕೂತು ತಲೆ ಕೆಟ್ಟಿತ್ತು. ಒಂದಿನ ನಿಮ್ಮಜ್ಜಿ ಎಲೆ ಅಡಿಕೆ ಸಂಚಿ ಹರಿದು, ಸುಣ್ಣದ ಡಬ್ಬಿ ಬೀದೀಲಿ ಬಿದ್ದು ಹೋಯ್ತು. ಅಜ್ಜಿ ಗೊಣಗೋದು ನಿಲ್ಲಿಸಲಿಲ್ಲ. ನಿಮ್ಮವ್ವನ ಮಿಷನ್ನು ಮೂಲೇಲಿ ದುಪ್ಪಟಿ ಹೊದ್ದು ಏಳು ವರ್ಷದಿಂದ ನಿಂತಿತ್ತಲ್ಲ, ತೆಗೆದು ನೋಡ್ದೆ. ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಎರಡು ದಿನ ಚಕ್ರ ತಿರುಗಿಸಿದ ಮೇಲೆ ದಾರಿಗೆ ಬಂತು. ಕಾಲಲ್ಲಿ ತುಳಿಯೋಕೆ ಆಗಲ್ಲ ಅಂತ ಸಣ್ಣದೊಂದು ಮೋಟಾರು ಹಾಕಿಸ್ದೆ. ಮೊದಲನೇ ಹೊಲಿಗೆ ಮೇಕೆ ಓಡಾಡಿದ ದಾರಿ ಥರ ಬಂತು. ಬಿಚ್ಚಿ ಮತ್ತೆ ಹಾಕ್ದೆ. ನಾಲ್ಕು ಜೇಬಿನ ಸಂಚಿ ಆಯ್ತು. ಎಲೆಗೊಂದು, ಅಡಿಕೆಗೊಂದು, ಸುಣ್ಣಕ್ಕೊಂದು. ನಾಲ್ಕನೇದ್ದರಲ್ಲಿ ಏನಿಡ್ತಾಳೋ ಅಜ್ಜಿ ಯಾರಿಗೂ ತೋರಿಸಲ್ಲ. ಮಾರನೇ ದಿನ ಓಣಿಯ ಮೂರು ಮುದುಕೇರು ಬಂದು ನಮಗೂ ಹೊಲಿದುಕೊಡು ಅಂತ ಕೂತರು. ಮೊಳಕಾಲ್ಮುರಲ್ಲಿ ಸೀರೆ ಅಂಗಡಿಯೋರ ಹತ್ರ ರೇಷ್ಮೆ ಚೂರು ಕೇಳಿ ತಂದು ಅಂಚಿಗೆ ಹಚ್ಚಿಕೊಟ್ಟೆ.

ನಿಂಗೂ ಒಂದು ಪುಸ್ತಕದ ಚೀಲ ಹೊಲೀತಾ ಇದೀನಿ. ಬರೋವಾಗ ತರ್ತೀನಿ.

ನಿಮ್ಮಪ್ಪ
ದುರುಗೇಶ


ಹಾಸ್ಟೆಲ್, ಚಳ್ಳಕೆರೆ ತಾಲ್ಲೂಕು
19 ಜುಲೈ 2024

ಅಪ್ಪ,

ಕಾಗದ ಬಂತು. ನಾನು ಚೆನ್ನಾಗಿದ್ದೇನೆ. ಗಣಿತದಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೊಂದು ಬಂತು. ಇಲ್ಲಿ ಗಾಳಿ ಜಾಸ್ತಿ, ತಟ್ಟೆಗೆಲ್ಲ ಮಣ್ಣು ಬೀಳುತ್ತೆ.

ಒಂದು ಮಾತು. ನೀನು ಹೊಲಿಗೆ ಮಾಡುವ ವಿಷಯ ಇಲ್ಲಿ ಯಾರ ಹತ್ತಿರವೂ ಹೇಳಬೇಡ. ಮೊನ್ನೆ ನೀನು ತಂದ ಚೀಲವನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಇನ್ನು ಮೇಲೆ ಅಂಥದ್ದು ತರಬೇಡ. ಯಾಕೆ ಅಂತ ಕೇಳಬೇಡ.

ಅಜ್ಜಿಗೆ ನಮಸ್ಕಾರ.

ಹರ್ಷಿತಾ


ಕೊಂಡ್ಲಹಳ್ಳಿ
4 ಆಗಸ್ಟ್ 2024

ಹರ್ಷಿತಾ,

ಆಯ್ತು ತಾಯಿ. ಹೇಳಲ್ಲ, ತರಲ್ಲ, ಕೇಳೋದೂ ಇಲ್ಲ.

ಊರಲ್ಲೂ ನಗೋರು ಇದಾರೆ. ಟೀ ಅಂಗಡೀಲಿ ಒಬ್ಬ, ಕ್ವಿಂಟಾಲ್ ಗಟ್ಟಲೆ ಹೊತ್ತ ಭುಜ ಲಂಗಕ್ಕೆ ಲಾಡಿ ಪೋಣಿಸೋಕೆ ಬಂತಲ್ಲೋ ಅಂದ. ನಾನೂ ನಕ್ಕೆ. ಟೀ ಕುಡಿದು ಮನೆಗೆ ಬಂದ ಮೇಲೆ ಅವತ್ತು ಮಿಷನ್ ಮುಂದೆ ಕೂರೋಕೆ ಮನಸ್ಸಾಗಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಮಾರನೇ ದಿನ ಕೂತೆ. ಕೂರದೆ ಇನ್ನೇನು ಮಾಡ್ಲಿ.

ಈಗ ವಾರಕ್ಕೆ ಎರಡು ದಿನ ಮೊಳಕಾಲ್ಮುರಿಗೆ ಹೋಗಿ ನಾಗರತ್ನಮ್ಮ ಅನ್ನೋರ ಹತ್ರ ಕಲೀತಾ ಇದೀನಿ. ಮನೇಲೇ ಹೊಲೀತಾರೆ, ಐವತ್ತು ದಾಟಿದೋರು. ಅಲ್ಲಿ ಆರು ಜನ ಹುಡುಗೀರು, ನಾನೊಬ್ಬ ಗಂಡಸು. ಮೊದಲನೇ ದಿನ ಬಾಗಿಲ ಹತ್ರಾನೇ ಕೂತಿದ್ದೆ. ನಾಗರತ್ನಮ್ಮ ಕತ್ತರಿ ಕೈಗೆ ಕೊಟ್ಟು, “ಕತ್ತರಿಗೆ ಗಂಡು ಹೆಣ್ಣು ಗೊತ್ತಿಲ್ಲ ಕಣಣ್ಣ, ನೆಟ್ಟಗೆ ಹಿಡಿ” ಅಂದ್ರು.

ರವಿಕೆ ಹೊಲಿಯೋದು ಕಷ್ಟ. ಕಂಕುಳ ಹತ್ರ ಕತ್ತರಿಸಬೇಕಾದ್ರೆ ಎರಡೆರಡು ಸಲ ಗೆರೆ ಹಾಕ್ಕೊಂಡು ನೋಡ್ತೀನಿ. ಅಳತೆ ತಗೊಳ್ಳೋ ತಾಪತ್ರಯ ಮಾತ್ರ ಇಲ್ಲ, ಹೆಂಗಸರು ಹಳೇ ರವಿಕೆ ತಂದು ಹೊಸ್ತಿಲ ಮೇಲಿಟ್ಟು ಹೋಗ್ತಾರೆ. ಅದನ್ನ ಹೊಸ ಬಟ್ಟೆ ಮೇಲಿಟ್ಟು ಕತ್ತರಿಸ್ತೀನಿ. ನಿಮ್ಮವ್ವ ಗಂಗಲಕ್ಷ್ಮಿ ಇದನ್ನೆಲ್ಲ ಮಾತಾಡ್ತಾ ಮಾತಾಡ್ತಾ ಮಾಡಿಬಿಡ್ತಿದ್ಲು. ಪಕ್ಕದಲ್ಲೇ ಮಲಗಿರ್ತಿದ್ದೆ, ಒಂದು ದಿನವೂ ಕಣ್ಣಿಟ್ಟು ನೋಡಲಿಲ್ಲ.

ಭಾನುವಾರ ಬರ್ತೀನಿ.

ನಿಮ್ಮಪ್ಪ


ಕೊಂಡ್ಲಹಳ್ಳಿ
15 ಸೆಪ್ಟೆಂಬರ್ 2024

ಹರ್ಷಿತಾ,

ಆಗಸ್ಟಲ್ಲಿ ಬಂದಾಗ ನೀನು ಮಾತೇ ಆಡಲಿಲ್ಲ. ಕಾಗದವೂ ಬರಲಿಲ್ಲ. ಹೋದ ಭಾನುವಾರ ಬಂದ್ರೆ ನೀನು ಕೆಳಗೇ ಇಳೀಲಿಲ್ಲ. ಎರಡು ತಾಸು ಬೇವಿನ ಮರದ ಕೆಳಗೆ ಕೂತಿದ್ದೆ. ಆಮೇಲೆ ವಾರ್ಡನ್ ಮೇಡಂ ಬಂದು, ಹೊಟ್ಟೆ ನೋವಂತೆ, ಹೆಣ್ಣುಮಕ್ಕಳಿಗೆ ಆಗೋದೇ, ಗಾಬರಿ ಬೇಡ, ಮನೇಲಿ ಹೆಂಗಸರಿಗೆ ತಿಳಿಸಿ ಅಂದ್ರು.

ಬಸ್ಸು ತಳಕು ಊರು ದಾಟೋ ತಂಕ ಆ ಮಾತು ತಲೇಲಿ ತಿರುಗ್ತಾ ಇತ್ತು. ಮನೇಲಿರೋ ಹೆಂಗಸು ಅಂದ್ರೆ ನಿಮ್ಮಜ್ಜಿ ಲಕ್ಷ್ಮಕ್ಕ ಒಬ್ಬಳೇ. ಅವಳಿಗೆ ಹೇಳಿದೆ. ನಾಳೇನೇ ಕರ್ಕೊಂಡು ಬಾ, ಹಸಿ ಸೊಪ್ಪಿನ ಗುಡ್ಲು ಹಾಕಿ ಹೊರಗೆ ಕೂರಿಸಬೇಕು ಅಂತ ಹಠ ಹಿಡಿದ್ಲು. ಪರೀಕ್ಷೆ ಹತ್ರ ಬಂದೈತೆ, ದಸರಾ ರಜಕ್ಕೆ ಬಂದಾಗ ಮನೆಯೊಳಗೇ ಕೂರಿಸಿ ಆರತಿ ಮಾಡಾಣ, ಗುಡ್ಲು ಬೇಡ ಅಂದೆ. ಅವತ್ತಿಂದ ನನ್ನ ಕೂಡೆ ಮಾತು ಬಿಟ್ಟಾಳೆ. ಮುದ್ದೆ ಹಾಕ್ತಾಳೆ, ಸಾರು ಬಿಡ್ತಾಳೆ, ಮಾತಿಲ್ಲ. ಸರಿಹೋಗ್ತಾಳೆ ಬಿಡು.

ಇನ್ನು ಮುಂದಿನದನ್ನ ಬರೀಬೇಕೋ ಬೇಡವೋ ಅಂತ ಮೂರು ದಿನ ಯೋಚನೆ ಮಾಡ್ದೆ. ಇದನ್ನ ಅಪ್ಪ ಬರೆಯೋದಲ್ಲ, ಗೊತ್ತು. ಬರೆಯೋರು ಬೇರೆ ಯಾರೂ ಇಲ್ಲವಲ್ಲ.

ಇದರ ಜೊತೆ ಒಂದು ಪಾರ್ಸೆಲ್ ಐತೆ. ಯಾರೂ ಇಲ್ಲದಾಗ ಬಿಚ್ಚು. ಅಂಗಡೀಲಿ ಸಿಗೋ ಪ್ಯಾಡು ಎರಡು ಪೊಟ್ಟಣ ಇಟ್ಟೀನಿ. ತಿಂಗಳಿಗೊಂದು ಸಲ ಬರೋನು ನಾನು, ಮಧ್ಯೆ ಮುಗಿದು ಹೋದ್ರೆ ನೀನು ಯಾರನ್ನ ಕೇಳ್ತೀಯಾ? ಅದಕ್ಕೆ ಬಟ್ಟೇವು ಹನ್ನೆರಡು ಹೊಲಿದು ಇಟ್ಟೀನಿ. ಮೇಲೆ ಮೆತ್ತನೆ ಹತ್ತಿ ಬಟ್ಟೆ, ಒಳಗೆ ಟರ್ಕಿ ಟವೆಲ್ ಎರಡು ಮಡಿಕೆ. ಎರಡು ಕಡೆ ರೆಕ್ಕೆ ಥರ ಬರ್ತೈತಲ್ಲ, ಅದನ್ನ ಒಳಉಡುಪಿನ ಕೆಳಗೆ ತಂದು ಪ್ರೆಸ್ ಬಟನ್ ಹಾಕ್ಕೋ. ನಾಗರತ್ನಮ್ಮನ್ನ ಕೇಳಿ ಕಲಿತೆ. ನಿನ್ನ ಹೆಸರು ಹೇಳಲಿಲ್ಲ. ಅವರೂ ಯಾರಿಗೆ ಅಂತ ಕೇಳಲಿಲ್ಲ. ತೋರಿಸಿಕೊಟ್ರು, ಅಷ್ಟೆ.

ಬಳಸಿದ್ದನ್ನ ತಣ್ಣೀರಲ್ಲಿ ನೆನೆಸಿ ಆಮೇಲೆ ಸೋಪು ಹಾಕು. ಬಿಸಿನೀರು ಹಾಕಿದ್ರೆ ಕಲೆ ಕೂತುಬಿಡ್ತೈತೆ. ಬಿಸಿಲಲ್ಲಿ ಒಣಗಿಸು. ಲಂಗದ ಅಡಿಗೆ ಮುಚ್ಚಿ ಒಣಗಿಸಬೇಡ, ವಾಸನೆ ಬರ್ತೈತೆ, ಕಜ್ಜಿ ಆಗ್ತೈತೆ.

ಇದಕ್ಕೆ ಉತ್ತರ ಬರೀಲೇಬೇಕು ಅಂತೇನಿಲ್ಲ.

ನಿಮ್ಮಪ್ಪ


ಹಾಸ್ಟೆಲ್, ಚಳ್ಳಕೆರೆ ತಾಲ್ಲೂಕು
17 ನವೆಂಬರ್ 2024

ಅಪ್ಪ,

ದಸರಾ ರಜೆಯಲ್ಲಿ ಹದಿನೈದು ದಿನ ಮನೆಯಲ್ಲಿದ್ದೆ. ಅಜ್ಜಿ ಆರತಿ ಮಾಡಿದಳು, ಕೊಬ್ಬರಿ ಬೆಲ್ಲ ತಿನ್ನಿಸಿದಳು, ನಿನ್ನ ಜೊತೆ ಮಾತೂ ಆಡಿದಳು. ನಾನೇ ಆಡಲಿಲ್ಲ. ನೀನು ಮಿಷನ್ ಮುಂದೆ ಕೂತಿರುತ್ತಿದ್ದೆ, ನಾನು ಹಿಂದೆ ಬಂದು ನಿಂತು ಹೋಗುತ್ತಿದ್ದೆ. ಎದುರಿಗೆ ಹೇಳಲು ಆಗದ್ದನ್ನು ಇಲ್ಲಿಂದ ಬರೆಯುತ್ತಿದ್ದೇನೆ.

ಪಾರ್ಸೆಲ್ ಬಿಚ್ಚಿದ ದಿನ ನಿನ್ನ ಮೇಲೆ ತುಂಬಾ ಸಿಟ್ಟು ಬಂದಿತ್ತು. ನಾಚಿಕೆಯಾಗಿ ಸಾಯುವ ಹಾಗಾಗಿತ್ತು. ಎರಡು ದಿನ ಮುಟ್ಟಲಿಲ್ಲ. ಆಮೇಲೆ ಅಂಗಡಿಯದನ್ನಷ್ಟೇ ಬಳಸಿದೆ, ಅದು ಮುಗಿಯಿತು. ಆಗ ನೀನು ಹೊಲಿದದ್ದನ್ನು ತೆಗೆದೆ.

ನನ್ನ ಪಕ್ಕದ ಮಂಚದವಳು ದಿವ್ಯಾ. ಪರಶುರಾಂಪುರದ ಕಡೆಯವಳು, ಅವರ ಮನೆಯಲ್ಲಿ ಕುರಿ ಇವೆ. ಅವಳು ಪ್ರತಿ ತಿಂಗಳು ಮೂರು ನಾಲ್ಕು ದಿನ ಕ್ಲಾಸಿಗೆ ಬರುತ್ತಿರಲಿಲ್ಲ, ಜ್ವರ ಅನ್ನುತ್ತಿದ್ದಳು. ನಾನು ಬಿಸಿಲಿಗೆ ಹಾಕಿದ್ದನ್ನು ನೋಡಿ ಅವಳೇ ಕೇಳಿದಳು. ಅವಳಿಗೆ ಎರಡು ಕೊಟ್ಟೆ. ಆ ತಿಂಗಳು ಅವಳು ಒಂದು ದಿನವೂ ಕ್ಲಾಸು ತಪ್ಪಿಸಲಿಲ್ಲ. ಯಾರು ಹೊಲಿದಿದ್ದು ಅಂತ ಕೇಳಿದಳು. ನಮ್ಮವ್ವ ಅಂದೆ.

ಅಪ್ಪ, ಅದು ಅವತ್ತೊಂದೇ ದಿನದ ಸುಳ್ಳಲ್ಲ. ಆರನೇ ಕ್ಲಾಸಿಗೆ ಇಲ್ಲಿ ಸೇರಿದ ದಿನ ಎಲ್ಲರೂ ಪೆಟ್ಟಿಗೆ ಬಿಚ್ಚಿ, ಇದು ಅಮ್ಮ ಕೊಟ್ಟಿದ್ದು, ಇದು ಅಮ್ಮ ಮಾಡಿದ್ದು ಅಂತ ತೋರಿಸುತ್ತಿದ್ದರು. ನಿನ್ನಮ್ಮ ಏನು ಮಾಡ್ತಾರೆ ಅಂತ ಕೇಳಿದರು. ಬಟ್ಟೆ ಹೊಲೀತಾರೆ ಅಂದುಬಿಟ್ಟೆ. ಹೊಲೀತಿದ್ದರು ಅನ್ನಲಿಲ್ಲ. ಅಲ್ಲಿಂದ ಇವತ್ತಿನವರೆಗೆ ಅವ್ವ ಹೊಲಿಯುತ್ತಲೇ ಇದ್ದಾಳೆ. ಭಾನುವಾರ ಯಾಕೆ ನಿಮ್ಮಪ್ಪ ಒಬ್ಬರೇ ಬರುತ್ತಾರೆ ಅಂದರೆ, ಅವ್ವನಿಗೆ ಮದುವೆ ಬಟ್ಟೆಗಳು ಜಾಸ್ತಿ ಬಂದಿವೆ ಅನ್ನುತ್ತಿದ್ದೆ. ವಾರ್ಡನ್ ಮೇಡಂಗೆ ಮಾತ್ರ ಗೊತ್ತು. ಅವರು ಯಾರಿಗೂ ಹೇಳಲಿಲ್ಲ.

ನೀನು ಹೊಲೀತೀನಿ ಅಂತ ಬರೆದಾಗ ನನಗೆ ಭಯವಾಗಿದ್ದು ಅದಕ್ಕೆ. ನೀನು ಹೊಲಿಯುವುದು ನನಗೆ ಅವಮಾನ ಅಂತ ನೀನು ತಿಳಿದುಕೊಂಡೆ. ಹಾಗೆ ತಿಳಿದುಕೊಳ್ಳಲಿ ಅಂತ ನಾನೂ ಬಿಟ್ಟೆ.

ಈಗ ದಿವ್ಯಾ ಅವ್ವನಿಗೆ ಚೀಟಿ ಬರೆದು ಕೊಟ್ಟಿದ್ದಾಳೆ. ಜೊತೆಗೆ ಇಟ್ಟಿದ್ದೇನೆ. ಅವ್ವನ ಹೆಸರಲ್ಲಿ ಒಂದು ಉತ್ತರ ಬರೆದುಬಿಡು ಅಪ್ಪ. ನಾಲ್ಕು ಸಾಲು ಸಾಕು. ನಿನ್ನ ಅಕ್ಷರ ಅವಳಿಗೆ ಗೊತ್ತಿಲ್ಲ.

ಹರ್ಷಿತಾ


(ಅದೇ ಲಕೋಟೆಯಲ್ಲಿ ಮಡಚಿಟ್ಟ ಚೀಟಿ)

ಹರ್ಷಿತಾಳ ಅಮ್ಮನವರಿಗೆ ದಿವ್ಯಾ ಮಾಡುವ ನಮಸ್ಕಾರಗಳು.

ಆಂಟಿ, ನೀವು ಹೊಲಿದದ್ದು ತುಂಬಾ ಚೆನ್ನಾಗಿದೆ. ನನಗೂ ಆರು ಹೊಲಿದುಕೊಡ್ತೀರಾ? ನಮ್ಮಮ್ಮನಿಗೆ ಹೇಳೋಕೆ ನಾಚಿಕೆ, ಅವರೂ ಇದರ ಬಗ್ಗೆ ಏನೂ ಮಾತಾಡಲ್ಲ. ನಿಮ್ಮ ಹತ್ರ ಆದ್ರೆ ಹೇಳಬಹುದು ಅನ್ನಿಸಿತು. ನೀವು ಒಂದು ಸಲ ಭಾನುವಾರ ಬನ್ನಿ.

ಇಂತಿ
ದಿವ್ಯಾ, 8ನೇ ತರಗತಿ


ಕೊಂಡ್ಲಹಳ್ಳಿ
1 ಡಿಸೆಂಬರ್ 2024

ಹರ್ಷಿತಾ ತಾಯಿ,

ನಿನ್ನ ಕಾಗದ ಬಂದು ಹತ್ತು ದಿನ ಆಯ್ತು. ದಿವ್ಯಾಗೆ ಆರು ಹೊಲಿದೆ. ಕಳಿಸ್ತಾ ಇದೀನಿ.

ಉತ್ತರ ಬರೆಯೋಕೂ ಕೂತಿದ್ದೆ. ‘ಮಗಳೇ ದಿವ್ಯಾ’ ಅಂತ ಶುರು ಮಾಡಿ ನಾಲ್ಕು ಸಾಲು ಬರೆದೆ. ಕೆಳಗೆ ಗಂಗಲಕ್ಷ್ಮಿ ಅಂತ ಬರೀಬೇಕು. ಪೆನ್ನು ಮುಂದೆ ಹೋಗಲಿಲ್ಲ. ಅವಳು ಹೆಸರು ಬರೆಯೋದು ಕಲಿತದ್ದು ನನ್ನ ಹತ್ರಾನೇ. ‘ಕ್ಷ್ಮಿ’ ಬರೆಯೋದು ಕಷ್ಟ ಅಂತ ಅಲ್ಲಿಗೆ ಬಂದಾಗೆಲ್ಲ ನಗೋಳು. ಕಾಗದ ಹರಿದು ಒಲೆಗೆ ಹಾಕ್ದೆ. ನನ್ನ ಕೈಲಿ ಆಗಲ್ಲ ತಾಯಿ. ಸಿಟ್ಟಿಲ್ಲ ನಂಗೆ. ಆರನೇ ಕ್ಲಾಸಿನ ಹುಡುಗಿ ಎಲ್ಲರ ಮಧ್ಯೆ ಒಬ್ಬಳೇ ನಿಂತು ಇನ್ನೇನು ಹೇಳ್ತಾಳೆ. ಯಾರು ಹೊಲಿದಿದ್ದು ಅಂತ ನೀನು ಏನು ಹೇಳ್ಕೊಂಡ್ರೂ ನನ್ನದೇನೂ ಅಡ್ಡಿ ಇಲ್ಲ. ಅದು ನಿಂಗೆ ಬಿಟ್ಟಿದ್ದು.

ಆದ್ರೆ ನಿನ್ನ ಸುಳ್ಳು ನೀನು ಹೇಳಿದೆ. ನನ್ನದೂ ಒಂದೈತೆ, ನಾನೂ ಹೇಳಿಬಿಡ್ತೀನಿ. ನಿಮ್ಮವ್ವ ಜ್ವರ ಬಂದು ಹೋದ್ಲು ಅಂತ ನಿಂಗೆ ಹೇಳಿದ್ವಿ. ಜ್ವರ ಅಲ್ಲ.

ಅವಳಿಗೆ ಮುಟ್ಟು ನಿಲ್ತಾನೇ ಇರಲಿಲ್ಲ. ತಿಂಗಳಲ್ಲಿ ಹದಿನೈದು ಇಪ್ಪತ್ತು ದಿನ. ಎಷ್ಟು ತಿಂಗಳಿಂದ ಹಂಗಿತ್ತು ಅನ್ನೋದು ಇವತ್ತಿಗೂ ನಂಗೆ ಗೊತ್ತಿಲ್ಲ. ನಾನು ಚಳ್ಳಕೇರೀಲಿ ಇದ್ದು ವಾರಕ್ಕೊಂದು ದಿನ ಬರೋನು. ಬಂದಾಗ ಅವಳು ಬಿಳಚಿಕೊಂಡಿರೋದು ಕಾಣ್ತಿತ್ತು. ಮಿಷನ್ ಮುಂದೆ ಕೂತು ಒಣ ಅಕ್ಕಿ ಬಾಯಿಗೆ ಹಾಕ್ಕೊಳ್ಳೋಳು. ಏನೇ ಗಂಗಿ, ಹಿಂಗ್ಯಾಕೆ ಆಗಿದೀಯಾ ಅಂದ್ರೆ, ಬಿಸಿಲು ಅನ್ನೋಳು. ನಾನೂ ಬಿಸಿಲು ಅಂದ್ಕೊಂಡೆ. ಹೆಂಗಸರ ವಿಷಯ ಗಂಡಸು ಕೆದಕಬಾರದು ಅಂತ ನಮ್ಮ ಕಡೆ ಲೆಕ್ಕ. ನಿಮ್ಮಜ್ಜಿಗೂ ಅವಳು ಹೇಳಲಿಲ್ಲ, ಮುಟ್ಟು ಅಂದ್ರೆ ಹೊರಗೆ ಕೂರಬೇಕು, ಅಷ್ಟು ದಿನ ಹೊರಗೆ ಕೂತ್ರೆ ಒಲೆ ಹಚ್ಚೋರು ಯಾರು, ನಿನ್ನ ನೋಡ್ಕೊಳ್ಳೋರು ಯಾರು.

ಶೇಂಗಾ ಕಳೆ ತೆಗೆಯೋಕೆ ಹೋಗಿದ್ದೋಳು ಹೊಲದಾಗೆ ಬಿದ್ಲು. ದೊಡ್ಡಾಸ್ಪತ್ರೆಗೆ ಹಾಕಿದ್ವಿ. ಮೈಯಲ್ಲಿ ರಕ್ತವೇ ಇಲ್ಲವಲ್ಲಪ್ಪ, ಎಷ್ಟು ದಿನದಿಂದ ಹೋಗ್ತಿದೆ ಅಂತ ಡಾಕ್ಟ್ರು ಕೇಳಿದ್ರು. ನನಗೆ ಗೊತ್ತಿರಲಿಲ್ಲ. ಅವಳ ಗಂಡ ನಾನು, ನಾನು ಡಾಕ್ಟ್ರ ಮುಖ ನೋಡಿಕೊಂಡು ನಿಂತಿದ್ದೆ. ರಕ್ತ ಹಾಕಿದ್ರು. ಎರಡನೇ ದಿನ ಹೋದ್ಲು. ಒಣ ಅಕ್ಕಿ ತಿಂತಿದ್ದದ್ದೂ ರಕ್ತ ಕಮ್ಮಿ ಆಗಿದ್ದಕ್ಕೇ ಅಂತೆ, ಮೊದಲೇ ಬಂದಿದ್ರೆ ವಾಸಿ ಆಗೋ ಕಾಯಿಲೆ ಅಂದ್ರು.

ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಅಷ್ಟೇ ಆಗಿದ್ದು.

ಆ ಪಾರ್ಸೆಲ್ ಕಳಿಸೋವಾಗ ನಾಚಿಕೆ ನಂಗೂ ಆಯ್ತು. ಪೋಸ್ಟ್ ಆಫೀಸಲ್ಲಿ ಏನೈತೆ ಒಳಗೆ ಅಂದಾಗ ಬಟ್ಟೆ ಅಂದು ತಲೆ ತಗ್ಗಿಸ್ದೆ. ಆದ್ರೂ ಕಳಿಸ್ದೆ. ಈಗ ಕೇಳ್ತೀನಿ, ನಾಚ್ಕೋಬೇಡ. ನಿಂಗೆ ಎಲ್ಲ ಸರಿಯಾಗಿ ಆಗ್ತಾ ಐತಾ? ದಸರಾದಲ್ಲಿ ನಿನ್ನ ಮುಖ ಸಪ್ಪಗೆ ಕಂಡಿತ್ತು. ಬಿಸಿಲು ಅನ್ನಬೇಡ.

ನಿಮ್ಮಪ್ಪ
ದುರುಗೇಶ


ಹಾಸ್ಟೆಲ್, ಚಳ್ಳಕೆರೆ ತಾಲ್ಲೂಕು
15 ಡಿಸೆಂಬರ್ 2024

ಅಪ್ಪ,

ನಿನ್ನ ಕಾಗದ ನನ್ನ ಕೈಗೆ ಬಂದ ದಿನ ನನಗೆ ಏಳನೇ ದಿನ. ನಿಂತಿರಲಿಲ್ಲ. ಅದಕ್ಕೆ ಮುಂಚಿನ ತಿಂಗಳೂ ಹಾಗೇ ಆಗಿತ್ತು. ಎಲ್ಲರಿಗೂ ಹೀಗೇ ಇರುತ್ತೇನೋ ಅಂದುಕೊಂಡಿದ್ದೆ. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಓದಿದೆ. ಅವ್ವ ಅಕ್ಕಿ ತಿನ್ನುತ್ತಿದ್ದದ್ದು ನನಗೂ ನೆನಪಿದೆ. ನನಗೂ ಒಂದು ಚೂರು ಕೊಡುತ್ತಿದ್ದಳು. ಅದನ್ನು ನಾನು ಆಟ ಅಂದುಕೊಂಡಿದ್ದೆ. ಒಂಬತ್ತನೇ ದಿನ ಬೆಳಿಗ್ಗೆ ವಾರ್ಡನ್ ಮೇಡಂ ಹತ್ತಿರ ಹೋಗಿ ಹೇಳಿದೆ. ಅವರು ಆಗಲೇ ನಿನಗೆ ಫೋನ್ ಮಾಡಿದರು. ಆಮೇಲಿನದ್ದು ನಿನಗೆ ಗೊತ್ತು. ಮಾರನೇ ದಿನ ಮೊದಲನೇ ಬಸ್ಸಿಗೇ ನೀನು ಬಂದೆ, ಮೇಡಂ ಜೊತೆ ಮೂವರೂ ಚಳ್ಳಕೆರೆಗೆ ಡಾಕ್ಟರ್ ಹತ್ತಿರ ಹೋದೆವು.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನೀನು ಹೊರಗೆ ಬೆಂಚಿನ ಮೇಲೆ ಆ ಬಸುರಿ ಹೆಂಗಸರ ಮಧ್ಯೆ ಕೋಲು ಹಿಡಿದು ಕೂತಿದ್ದೆ. ಒಳಗೆ ಡಾಕ್ಟರ್, ಅಮ್ಮ ಬಂದಿಲ್ವೇನಮ್ಮ, ಅವರನ್ನ ಕರಿ, ಸ್ವಲ್ಪ ಕೇಳೋದಿದೆ ಅಂದರು. ವಾರ್ಡನ್ ಮೇಡಂ ಏನೋ ಹೇಳಲು ಬಾಯಿ ತೆರೆದರು. ಅದಕ್ಕಿಂತ ಮೊದಲೇ ನಾನು ಹೇಳಿದೆ:

“ನಮ್ಮವ್ವ ತೀರಿಕೊಂಡು ಏಳು ವರ್ಷ ಆಯ್ತು. ಅಪ್ಪ ಬಂದಿದಾರೆ. ಅವರನ್ನೇ ಕರೀರಿ, ಅವರಿಗೆ ಎಲ್ಲಾ ಗೊತ್ತು.”

ಏಳು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅಳು ಬರುತ್ತೆ ಅಂದುಕೊಂಡಿದ್ದೆ, ಬರಲಿಲ್ಲ. ನೀನು ಒಳಗೆ ಬಂದು ಎಲ್ಲವನ್ನೂ ಕೇಳಿದೆ, ಅವ್ವನದೂ ಹೇಳಿದೆ. ಹೇಳುವಾಗ ನಿನ್ನ ಧ್ವನಿ ಸಣ್ಣದಾಯಿತು, ಆದರೆ ನಿಲ್ಲಿಸಲಿಲ್ಲ. ಡಾಕ್ಟರ್ ಮೊದಲನೇ ಸಲ ಆಗ ಬರೆಯುವುದನ್ನು ಬಿಟ್ಟು ತಲೆ ಎತ್ತಿ ನೋಡಿದರು.

ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ. ನಿಂತಿದೆ. ರಕ್ತದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತೆ, ಊಟ ಆದ ಮೇಲೆ ತೆಗೆದುಕೋ ಅಂದಿದ್ದಾರೆ ಮೇಡಂ. ಮುಂದಿನ ತಿಂಗಳು ಮತ್ತೆ ತೋರಿಸಬೇಕು, ಮರೆಯಬೇಡ.

ಅವತ್ತು ಸಂಜೆ ದಿವ್ಯಾಗೆ ಎಲ್ಲ ಹೇಳಿದೆ. ಬಟ್ಟೆ ಹಿಂಡುತ್ತಿದ್ದವಳು ಹಾಗೇ ನಿಂತಳು. ಎರಡೂವರೆ ವರ್ಷ ಸುಳ್ಳು ಹೇಳಿದೀಯಲ್ಲ ಅಂತ ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಒಣಗಲು ಹಾಕಿದ್ದ ಪ್ಯಾಡುಗಳನ್ನು ನೋಡಿ, ಹಂಗಾದ್ರೆ ಇವನ್ನ ಹೊಲಿದೋರು ಯಾರು ಅಂದಳು. ನಮ್ಮಪ್ಪ ಅಂದೆ. ಅವಳ ಮುಖ ಕೆಂಪಗಾಯಿತು. ತನ್ನ ಚೀಟಿ ಓದಿದ್ದೂ ನೀನೇ ಅಂತ ಗೊತ್ತಾಗಿ ತಲೆ ಮೇಲೆ ಕೈ ಹೊತ್ತು ಕೂತಳು. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಿನ್ನೆ ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು. ಅಂಕಲ್‌ಗೆ ಒಂದು ಮಾತು ಬರಿ ಅಂದಳು. ಪ್ಯಾಡಿನ ಅಂಚು ದಪ್ಪ ಆಗಿದೆಯಂತೆ, ನಡೆಯುವಾಗ ತೊಡೆಗೆ ಒತ್ತುತ್ತಂತೆ. ಮುಂದಿನ ಸಲ ಹೊಲಿಗೆ ಒಳಮುಖ ಮಾಡಿ ಹೊಲಿಯಬೇಕಂತೆ.

ನನಗೂ ಒತ್ತುತ್ತೆ ಅಪ್ಪ. ಮೊದಲನೇ ದಿನದಿಂದ ಒತ್ತುತ್ತಿತ್ತು. ಹೇಳಿರಲಿಲ್ಲ.

ನಿನ್ನ ಮಗಳು
ಹರ್ಷಿತಾ